ಬಣವಿ ಮನೆಯಿಂದ ದೂರ ಯಾಕೆ ಒಟ್ಟುತ್ತಿದ್ದರು, ನೆನಪಿದೆಯಾ?

ತಂಗಿ, ಮುಧೋಳದಿಂದ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಬರುತ್ತಿದ್ದೀರಿ, ನಿಮ್ಮ ಮನೆಯವರು ಆಬರ್ನ್ ಕಡೆ ಗುಡ್ಡದ ಮೇಲೊಂದು ಬಾಡಿಗೆ ಮನೆ ನೋಡಿದ್ದಾರೆ. "ಕಾಡಿಗೆ ಬೆಂಕಿ ಬೀಳ್ತದಂತಲ್ಲ ಅಕ್ಕಾ, ಅಲ್ಲಿ ಇರಬಹುದಾ?" ಅಂತ ಕೇಳಿದ್ದೀಯ. ನಾನು ಜಮಖಂಡಿಯವಳು, ಇಲ್ಲಿಗೆ ಬಂದು 17 ವರ್ಷ. ಇರಬಹುದು. ಆದರೆ ಬಾಡಿಗೆ ಕಡಿಮೆ ಅಂತ ಸುಮ್ನೆ ಸಹಿ ಹಾಕಬೇಡಿ.

ಇಲ್ಲಿ ಮಳೆಗಾಲ ತಿರುಗುಮುರುಗು. ನಮ್ಮ ಕಡೆ ಮುಂಗಾರು ಶುರುವಾಗುವ ಹೊತ್ತಿಗೆ ಇಲ್ಲಿ ಮಳೆ ಮುಗಿದಿರುತ್ತದೆ. ಚಳಿಗಾಲದ ಮಳೆಗೆ ಎದ್ದ ಹುಲ್ಲು ಜೂನ್‌ಗೆಲ್ಲ ಒಣಗಿ ಕಣಕಿಯಂತಾಗುತ್ತದೆ. ಅಕ್ಟೋಬರ್ ಬಂತೆಂದರೆ ಅದರ ಮೇಲೆ ಈಶಾನ್ಯದ ಒಣಗಾಳಿ. ಈಗೀಗ ಬಿಸಿಲೂ ಜಾಸ್ತಿ. 2020ರಲ್ಲಿ ಈ ರಾಜ್ಯದಲ್ಲಿ 40 ಲಕ್ಷ ಎಕರೆಗೂ ಹೆಚ್ಚು ಸುಟ್ಟಿತು. ಅದಕ್ಕೂ ಮುಂಚೆ, 2018ರ ನವೆಂಬರ್ 8, ದೀಪಾವಳಿಯ ಮರುದಿನ, ನಮ್ಮಿಂದ ಉತ್ತರಕ್ಕಿರುವ ಪ್ಯಾರಡೈಸ್ ಊರು ಬೆಳಗ್ಗೆ ಹೊತ್ತಿಕೊಂಡಿದ್ದು, ಸಂಜೆಗೆ ಬೂದಿ. ಹಳೇ ಕರೆಂಟ್ ಲೈನಿನ ಕಿಡಿ. 85 ಜನ ತೀರಿಹೋದರು, ಹೆಚ್ಚಿನವರು ವಯಸ್ಸಾದವರು. ಹೊರಗೆ ಹೋಗುವ ರಸ್ತೆಯೆಲ್ಲ ಕಾರಿನಿಂದ ತುಂಬಿಹೋಗಿತ್ತು.

ಬೆಂಕಿ ಗೋಡೆಯಂತೆ ಎದ್ದು ಬಂದು ಮನೆ ನುಂಗುತ್ತದೆ ಅಂತ ನಾನೂ ತಿಳಿದಿದ್ದೆ. ಬಹಳ ಮನೆಗಳು ಹೋಗುವುದು ಗಾಳಿಗೆ ಹಾರಿಬರುವ ಕೆಂಡದ ಚೂರಿನಿಂದ. ಸೂರಿನ ಗಟರಿನಲ್ಲಿ ಒಣ ಎಲೆ ಇದ್ದರೆ ಸಾಕು. ಬಾಗಿಲ ಮುಂದಿನ ನಾರಿನ ಮ್ಯಾಟ್ ಆದರೂ ಸಾಕು. ನಮ್ಮಪ್ಪ ಕಣಕಿ ಬಣವಿಯನ್ನು ಎಂದೂ ಮನೆಗೆ ತಾಗಿಸಿ ಒಟ್ಟಲಿಲ್ಲ, ನಿಮ್ಮಲ್ಲೂ ಹಾಗೇ ಅಲ್ವಾ? ಇಲ್ಲಿ ಅದೇ ಬುದ್ಧಿಗೆ ಅಳತೆ ಹಾಕಿದ್ದಾರೆ. ಗೋಡೆಯಿಂದ 5 ಅಡಿ ಸುಡುವಂಥದ್ದು ಏನೂ ಬೇಡ, ಮರದ ಬೇಲಿಯೂ ಬೇಡ, ಗಿಡದ ಬುಡಕ್ಕೆ ಹಾಸುವ ತೊಗಟೆ ಚೂರೂ ಬೇಡ. ಸೌದೆ ರಾಶಿ 30 ಅಡಿ ಆಚೆ. ಆ 30ರಿಂದ 100 ಅಡಿವರೆಗೆ ಹುಲ್ಲು 4 ಇಂಚು ಮೀರಬಾರದು. ಅಟ್ಟಕ್ಕೆ ಗಾಳಿ ಹೋಗುವ ಕಿಂಡಿಗಳಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಇದೆಯಾ ನೋಡಿ.

ಹುಲ್ಲು ಕತ್ತರಿಸುವುದು ಬೆಳಗ್ಗೆ ಹತ್ತರೊಳಗೆ ಮುಗಿಯಬೇಕು. ನಮ್ಮವರು ಮೊದಲ ವರ್ಷ ಊಟ ಮುಗಿಸಿ ಮಟಮಟ ಮಧ್ಯಾಹ್ನ ಮಷಿನ್ ಹಿಡಿದರು. ಬ್ಲೇಡು ಕಲ್ಲಿಗೆ ತಾಗಿ ಕಿಡಿ ಹಾರಿತು. ಪಕ್ಕದ ಮನೆಯ ಅಜ್ಜಿ ನೀರಿನ ಪೈಪ್ ಹಿಡಿದೇ ಓಡಿಬಂದಳು. ಆರಿಸಿದ ಮೇಲೆ ಬೈದದ್ದು ಇನ್ನೂ ಕಿವಿಯಲ್ಲಿದೆ. ಊರಲ್ಲಿ ಕಬ್ಬಿನ ರವದಿಗೆ ಕಡ್ಡಿ ಗೀರಿ ಬದುವಿನ ಮೇಲೆ ಕೂತು ಹರಟೆ ಹೊಡೆದ ಜನ ನಾವು. ಇಲ್ಲಿ ಅಂಗಳದ ಒಣ ಎಲೆ-ಕಡ್ಡಿ ಸುಡುವುದಕ್ಕೂ ಪರವಾನಗಿ ಕೇಳುತ್ತಾರೆ, ಬೇಸಿಗೆಯಲ್ಲಿ ಅದೂ ಇಲ್ಲ. ತಂಪು ಕಾಲದಲ್ಲಿ ಅರಣ್ಯದವರೇ ಕಾಡಿನ ನೆಲದ ಕಸಕ್ಕೆ ಹದವಾಗಿ ಬೆಂಕಿ ಕೊಡುತ್ತಾರೆ. ಆ ಹೊಗೆ ಕಂಡು ಗಾಬರಿಯಾಗಬೇಡ.

ಬೆಂಕಿ ನಿಮ್ಮ ಹತ್ತಿರ ಬರದೇ ಇರಬಹುದು, ಹೊಗೆ ಖಂಡಿತ ಬರುತ್ತದೆ. ಎನ್-95 ಮಾಸ್ಕ್, ಒಂದು ಏರ್ ಪ್ಯೂರಿಫೈಯರ್ ಬಂದ ಕೂಡಲೇ ತಂದಿಡಿ. ಹೊಗೆ ಬಂದ ಮೇಲೆ ಅಂಗಡಿ ಖಾಲಿ.

ಇನ್ನು ಮನೆ ಬಿಟ್ಟು ಓಡುವಾಗ ಹಿಡಿಯುವ ಚೀಲ. ಪಾಸ್‌ಪೋರ್ಟ್, ವೀಸಾದ ಐ-797 ಕಾಗದ, ಮಕ್ಕಳ ಜನನ ಪತ್ರ, ಅತ್ತೆ ಬಂದಿದ್ದರೆ ಅವರ ಬಿಪಿ ಮಾತ್ರೆ, ನಿನ್ನ ಬಂಗಾರ. ಎಲ್ಲ ಒಂದೇ ಕಡೆ, ಬಾಗಿಲ ಹತ್ತಿರ. ನಿಮ್ಮ ಕೌಂಟಿಯ (ಇಲ್ಲಿನ ಜಿಲ್ಲೆ) ಎಚ್ಚರಿಕೆ ಸಂದೇಶಕ್ಕೆ ಬಂದ ವಾರವೇ ಹೆಸರು ಕೊಡಿ. ಬೆಂಕಿ ಎಲ್ಲಿದೆ ಅಂತ ತೋರಿಸುವ 'ವಾಚ್ ಡ್ಯೂಟಿ' ಆ್ಯಪ್ ಹಾಕಿಕೊಳ್ಳಿ. ಗಾಳಿ ಜೋರಿದ್ದ ದಿನ ಕಂಪನಿಯವರೇ ಕರೆಂಟ್ ತೆಗೆಯುತ್ತಾರೆ. ಆಗ ಗ್ಯಾರೇಜ್ ಬಾಗಿಲು ಬಟನ್‌ಗೆ ಏಳದೇ ಇರಬಹುದು, ಕೆಂಪು ಹಗ್ಗ ಎಳೆದು ಕೈಯಿಂದ ಎತ್ತಬೇಕು. ಒಮ್ಮೆ ನೀನೇ ಎತ್ತಿ ನೋಡು. ಅಧಿಕಾರಿಗಳು ಹೋಗಿ ಅಂದರೆ ಹೋಗಿಬಿಡಬೇಕು. ಸಾಮಾನು ಕಟ್ಟುತ್ತಾ ನಿಲ್ಲಬೇಡಿ.

ಬಾಡಿಗೆಯವರಿಗೂ ಸಾಮಾನಿನ ವಿಮೆ ಸಿಗುತ್ತದೆ, ಮಾಡಿಸಿ. ಮುಂದೆ ಗುಡ್ಡದಲ್ಲೇ ಮನೆ ಕೊಳ್ಳುವ ಆಸೆ ಇದ್ದರೆ ಮೊದಲು ವಿಮೆ ಸಿಗುತ್ತದಾ ಕೇಳಿ, ಆಮೇಲೆ ಅಡುಗೆಮನೆ ನೋಡಿ. ಎಷ್ಟೋ ಕಂಪನಿಗಳು ಅಂಥ ಕಡೆ ಹೊಸ ಪಾಲಿಸಿ ಕೊಡಲು ಹಿಂಜರಿಯುತ್ತವೆ. ಬೇರೆಲ್ಲೂ ವಿಮೆ ಸಿಗದವರಿಗೆ ಕೊನೆಗೆ ಉಳಿಯುವ 'ಫೇರ್ ಪ್ಲಾನ್' ವಿಮೆ ತುಟ್ಟಿ.

ನಿಮ್ಮವರು ಮತ್ತೊಮ್ಮೆ ಆ ಮನೆಗೆ ಹೋದಾಗ ಗಟರಿನದೂ ಹಿಂದಿನ ಗೋಡೆಯದೂ ಫೋಟೊ ತೆಗೆಯಲಿ. ಆ ಬೀದಿಯಿಂದ ಆಚೆ ಹೋಗಲು ರಸ್ತೆ ಒಂದೋ ಎರಡೋ ಎಣಿಸಲಿ. ಎರಡನ್ನೂ ನನಗೆ ಕಳಿಸು. ಒಂದೇ ರಸ್ತೆ ಇದ್ದರೆ ಕೆಳಗೆ ಊರಲ್ಲೇ ಬೇರೆ ಮನೆ ಹುಡುಕೋಣ.