ಲೋಲಕದ ಪ್ರಯೋಗದಲ್ಲಿ 9.64 ಬಂದರೆ ವರದಿಯಲ್ಲಿ ಏನೆಂದು ಬರೆಯಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮುಂಬಯಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬಿ.ಎಸ್‌ಸಿ. ಮೊದಲ ವರ್ಷದಲ್ಲಿದ್ದೀರಿ. ಸರಳ ಲೋಲಕದ ಪ್ರಯೋಗಕ್ಕೆ ಕ್ರಮಬದ್ಧವಾದ ವರದಿ ಬರೆದು ತರಲು ಹೇಳಿದ್ದಾರೆ. 100 ಸೆಂ.ಮೀ. ದಾರಕ್ಕೆ 20 ಆಂದೋಲನಗಳ ಸಮಯ 40.47 ಸೆಕೆಂಡು ಬಂದಿದೆ. ಲೆಕ್ಕ ಹಾಕಿದರೆ ಗುರುತ್ವ ವೇಗೋತ್ಕರ್ಷ (ಇಂಗ್ಲಿಷಿನ g) 9.64 ಮೀ./ಸೆ.². "ಸಮಯವನ್ನು 40.14 ಎಂದು ತಿದ್ದಿಬಿಡು, 9.8 ಸರಿಯಾಗಿ ಕೂರುತ್ತದೆ" ಎಂದು ಗೆಳೆಯರು ಹೇಳುತ್ತಿದ್ದಾರೆ. ಇಂಗ್ಲಿಷಿನಲ್ಲಿ ಬರೆಯುವ ಭಯ ಬೇರೆ.

ತಿದ್ದಬೇಡಿ. ನಾನು ಈ ಊರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷ ರಾಶಿ ರಾಶಿ ಜರ್ನಲ್‌ಗಳನ್ನು ನೋಡುತ್ತೇನೆ. (ಕರ್ನಾಟಕದಲ್ಲಿ ರೆಕಾರ್ಡ್ ಎನ್ನುವುದನ್ನೇ ಇಲ್ಲಿ ಜರ್ನಲ್ ಎನ್ನುತ್ತಾರೆ.) ಇಡೀ ಬ್ಯಾಚಿಗೆ 9.80 ಬಂದ ದಿನ ನನಗೆ ಓದುವುದಕ್ಕೆ ಏನೂ ಇರುವುದಿಲ್ಲ. ನಿಮ್ಮ 9.64ರಲ್ಲಿ ಓದುವುದು ಬಹಳ ಇದೆ.

ಮೊದಲು ಒಂದು ವಿಷಯ. ಮುಂಬಯಿಯಲ್ಲಿ ಗುರುತ್ವ ವೇಗೋತ್ಕರ್ಷ 9.8 ಅಲ್ಲ, ಸುಮಾರು 9.786. ನಾವು 19 ಡಿಗ್ರಿ ಅಕ್ಷಾಂಶದಲ್ಲಿದ್ದೇವೆ. ಧ್ರುವಗಳ ಕಡೆಗೆ ಹೋದಂತೆ ಅದು ಹೆಚ್ಚುತ್ತದೆ. ಆದ್ದರಿಂದ ಹೋಲಿಕೆಗೆ 9.786 ಅನ್ನೇ ಇಟ್ಟುಕೊಳ್ಳಿ. ನಿಮ್ಮ ವ್ಯತ್ಯಾಸ ಸುಮಾರು 0.15, ಅಂದರೆ ಶೇ. 1.5.

ಈಗ ಆ ಶೇ. 1.5 ಎಲ್ಲಿಂದ ಬಂತೆಂದು ಹುಡುಕಬೇಕು. ವರದಿಯ ಜೀವ ಇರುವುದೇ ಈ ಭಾಗದಲ್ಲಿ. "ಮಾನವ ದೋಷದಿಂದ ವ್ಯತ್ಯಾಸವಾಗಿದೆ" ಎಂಬ ಒಂದು ಸಾಲು ಬರೆದು ಮುಗಿಸುವವರೇ ಹೆಚ್ಚು. ಆ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ದೋಷ, ಎಷ್ಟು ದೊಡ್ಡದು, ಅದು ಉತ್ತರವನ್ನು ಮೇಲಕ್ಕೆ ತಳ್ಳುತ್ತದೆಯೇ ಕೆಳಕ್ಕೆ ಎಳೆಯುತ್ತದೆಯೇ, ಈ ಮೂರನ್ನೂ ಹೇಳಬೇಕು.

ಎಣಿಕೆಯಿಂದ ಶುರುಮಾಡಿ. ದಾರದ ತುದಿಯ ಗುಂಡನ್ನು ಬಿಟ್ಟ ಕ್ಷಣದಲ್ಲಿ "ಸೊನ್ನೆ" ಎನ್ನುವ ಬದಲು "ಒಂದು" ಎಂದಿದ್ದರೆ ನೀವು ಎಣಿಸಿದ್ದು 19 ಆಂದೋಲನ. ಆಗ ಉತ್ತರ 10.8ರ ಹತ್ತಿರ ಬರುತ್ತಿತ್ತು. ನಿಮ್ಮದು ಕಡಿಮೆ ಬಂದಿದೆ, ಹಾಗಾಗಿ ಎಣಿಕೆ ತಪ್ಪಿಲ್ಲ. ಸ್ಟಾಪ್‌ವಾಚ್ ಒತ್ತುವಾಗ ಕೈ 0.2 ಸೆಕೆಂಡು ಹಿಂದುಮುಂದಾಯಿತು ಎನ್ನಿ: 40 ಸೆಕೆಂಡಿನಲ್ಲಿ ಅದು ಶೇ. 0.5. ಸೂತ್ರದಲ್ಲಿ ಅವಧಿಯ (ಒಂದು ಆಂದೋಲನಕ್ಕೆ ಹಿಡಿಯುವ ಸಮಯದ) ವರ್ಗ ಬರುವುದರಿಂದ ಉತ್ತರದಲ್ಲಿ ಶೇ. 1, ಅಂದರೆ ಹೆಚ್ಚುಕಡಿಮೆ 0.10. ಬರಿಯ ಸ್ಟಾಪ್‌ವಾಚ್ ನಿಮ್ಮ ವ್ಯತ್ಯಾಸವನ್ನು ಪೂರ್ತಿ ವಿವರಿಸುವುದಿಲ್ಲ.

ಉಳಿಯುವುದು ಎರಡು ಅನುಮಾನ. ಒಂದು, ದಾರವನ್ನು ಗಂಟಿನವರೆಗೆ ಮಾತ್ರ ಅಳೆದಿರಬಹುದು. ಲೋಲಕದ ಉದ್ದವೆಂದರೆ ದಾರ, ಕೊಂಡಿ ಮತ್ತು ಗುಂಡಿನ ತ್ರಿಜ್ಯ ಸೇರಿದ್ದು. ಕೊಂಡಿ ಮತ್ತು ತ್ರಿಜ್ಯ ಸೇರಿ 1.5 ಸೆಂ.ಮೀ. ಇದ್ದು ಅದು ಬಿಟ್ಟುಹೋಗಿದ್ದರೆ, ಲೆಕ್ಕ ಸರಿಯಾಗಿ 9.64ಕ್ಕೆ ಬಂದು ನಿಲ್ಲುತ್ತದೆ. ಎರಡು, ಗುಂಡನ್ನು 20 ಡಿಗ್ರಿಯಷ್ಟು ದೂರ ಎಳೆದು ಬಿಟ್ಟಿರಬಹುದು. ಸೂತ್ರ ಸಣ್ಣ ಕೋನಕ್ಕೆ ಮಾತ್ರ ಹೊಂದುತ್ತದೆ. 20 ಡಿಗ್ರಿಗೆ ಅವಧಿ ಶೇ. 0.76ರಷ್ಟು ಹಿಗ್ಗಿ, ಉತ್ತರ ಶೇ. 1.5 ಕುಗ್ಗುತ್ತದೆ. ಅದೂ 9.64!

ಇಬ್ಬರಲ್ಲಿ ಕಳ್ಳ ಯಾರು? ಗ್ರಾಫ್ ಹೇಳುತ್ತದೆ. 60ರಿಂದ 100 ಸೆಂ.ಮೀ.ವರೆಗೆ ಐದು ಉದ್ದಗಳಿಗೆ ಸಮಯ ನೋಡಿ, ಪ್ರತಿಯೊಂದಕ್ಕೂ ಮೂರು ಸಲ. ಅಡ್ಡ ಅಕ್ಷದಲ್ಲಿ ದಾರದ ಉದ್ದ, ಲಂಬ ಅಕ್ಷದಲ್ಲಿ ಅವಧಿಯ ವರ್ಗ. ಎರಡೂ ಅಕ್ಷಗಳಲ್ಲಿ ಸೊನ್ನೆ ಇರಲಿ, ಸೊನ್ನೆಯ ಎಡಕ್ಕೂ ಸ್ವಲ್ಪ ಜಾಗ ಬಿಡಿ, ಇಲ್ಲದಿದ್ದರೆ ಮುಖ್ಯವಾದದ್ದೇ ಕಾಣುವುದಿಲ್ಲ. ಚೂಪಾದ ಪೆನ್ಸಿಲಿನಿಂದ ನೇರ ರೇಖೆ ಎಳೆದು ಕೆಳಗೆ ಮುಂದುವರಿಸಿ. ರೇಖೆ ಮೂಲಬಿಂದುವಿಗೆ ಬಂದರೆ ಉದ್ದದ ಅಳತೆ ಸರಿ, ಕೋನವನ್ನು ಅನುಮಾನಿಸಿ. ಮೂಲಬಿಂದುವಿನ ಎಡಕ್ಕೆ, ಸುಮಾರು 1.5 ಸೆಂ.ಮೀ. ದೂರದಲ್ಲಿ ಅಡ್ಡ ಅಕ್ಷವನ್ನು ಕಡಿದರೆ, ಬಿಟ್ಟುಹೋದ ಕೊಂಡಿ ಮತ್ತು ತ್ರಿಜ್ಯ ಅಲ್ಲಿ ಕಾಣಿಸಿಕೊಂಡವು. ಇನ್ನೂ ಸೊಗಸಾದ ಸಂಗತಿಯೆಂದರೆ, ಹಾಗೆ ಆದಾಗ ರೇಖೆಯ ಇಳಿಜಾರು ಕೆಡುವುದಿಲ್ಲ. ಉದ್ದವನ್ನು ಮೀಟರಿನಲ್ಲಿ ಇಟ್ಟರೆ ಇಳಿಜಾರು 4.03ರ ಆಸುಪಾಸು ಬಂದು, ಅದರಿಂದ ಸರಿಯಾದ ಮೌಲ್ಯವೇ ಸಿಗುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ಇದನ್ನು ಮೊದಲ ಸಲ ನನ್ನದೇ ಗ್ರಾಫಿನಲ್ಲಿ ಕಂಡು, ಪ್ರಯೋಗಾಲಯಕ್ಕೆ ಓಡಿಹೋಗಿ ಗುಂಡನ್ನು ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಹಿಡಿದು ನೋಡಿದ್ದೆ. ಕಾಗದದ ಮೇಲಿನ ದೂರ ಕೈಯಲ್ಲಿದ್ದ ಹಿತ್ತಾಳೆಯ ಗುಂಡಿಗೆ ಸರಿಹೊಂದಿದ ಆ ಮಧ್ಯಾಹ್ನ ಇವತ್ತಿಗೂ ನೆನಪಿದೆ. 40.47 ಅನ್ನು 40.14 ಮಾಡಿದವರಿಗೆ ಈ ದಾರಿಯೇ ಮುಚ್ಚಿಹೋಗುತ್ತದೆ.

ನಮ್ಮ ಊರಿನದೇ ಒಂದು ಉದಾಹರಣೆ ಹೇಳಬೇಕು. 1859ರ ಸೆಪ್ಟೆಂಬರ್‌ನಲ್ಲಿ ಸೂರ್ಯನಿಂದ ಎದ್ದ ಭಾರಿ ಕಾಂತೀಯ ಬಿರುಗಾಳಿ ಭೂಮಿಗೆ ಬಡಿದಾಗ ಕೊಲಾಬಾದ ವೀಕ್ಷಣಾಲಯದಲ್ಲಿ ಭೂಕಾಂತತ್ವವನ್ನು ಅಳೆದು ಬರೆದಿಡುತ್ತಿದ್ದರು. ಅದರ ಸಮತಲ ಘಟಕ (ನೆಲಕ್ಕೆ ಸಮಾಂತರವಾದ ಭಾಗ) ಸುಮಾರು 1600 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಏಕಮಾನ) ಕುಸಿಯಿತು. ಅಂಥ ಅಂಕಿಯನ್ನು ಕಂಡು "ಉಪಕರಣ ಕೆಟ್ಟಿರಬೇಕು" ಎಂದು ಹೊಡೆದುಹಾಕದೆ ಬರೆದಿಟ್ಟರು. ಸುಮಾರು 144 ವರ್ಷಗಳ ನಂತರ, 2003ರಲ್ಲಿ, ಆ ಬಿರುಗಾಳಿ ಎಷ್ಟು ದೊಡ್ಡದಿತ್ತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದು ಆ ದಾಖಲೆಯನ್ನು ಇಟ್ಟುಕೊಂಡೇ.

ಆದ್ದರಿಂದ ಅಳತೆಗಳನ್ನು ಪೆನ್ನಿನಲ್ಲೇ ಬರೆಯಿರಿ. ತಪ್ಪಿದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಹಳೆಯ ಅಂಕಿ ಓದುವಂತೆ ಉಳಿಯಲಿ. ಫ್ಯಾನ್ ತಿರುಗುತ್ತಿತ್ತೇ? ಅದನ್ನೂ ಬರೆಯಿರಿ.

ಉದ್ದೇಶ, ತತ್ತ್ವ, ಉಪಕರಣ, ವಿಧಾನ, ವೀಕ್ಷಣೆ, ಲೆಕ್ಕ, ಚರ್ಚೆ, ತೀರ್ಮಾನ ಎಂಬ ಕ್ರಮ ನಿಮಗೆ ಗೊತ್ತೇ ಇದೆ. ಓದುವ ಕ್ರಮ ಅದು. ಬರೆಯುವಾಗ ಕೋಷ್ಟಕ ಮತ್ತು ಗ್ರಾಫಿನಿಂದ ಶುರುಮಾಡಿ. ಅಳತೆಯ ಏಕಮಾನವನ್ನು ಕೋಷ್ಟಕದ ತಲೆಸಾಲಿನಲ್ಲಿ ಒಮ್ಮೆ ಬರೆದರೆ ಸಾಕು. ಕ್ಯಾಲ್ಕುಲೇಟರ್ 9.6417 ಎಂದು ಎಷ್ಟೇ ಅಂಕಿ ತೋರಿಸಿದರೂ ನೀವು 9.64 ಎಂದೇ ಬರೆಯಿರಿ, ಪಕ್ಕದಲ್ಲಿ ± 0.10 (ಅಷ್ಟು ಹೆಚ್ಚು ಅಥವಾ ಕಡಿಮೆ ಇರಬಹುದು) ಎಂದು ಸೇರಿಸಿ.

ಇನ್ನು ಭಾಷೆ. ಕನ್ನಡ ಮಾಧ್ಯಮ ಇಲ್ಲಿ ನಿಮ್ಮ ಕೈಹಿಡಿಯುತ್ತದೆ. ಪ್ರಯೋಗದ ಕೈಪಿಡಿ "ಉದ್ದವನ್ನು ಅಳೆಯಿರಿ" ಎನ್ನುತ್ತದೆ, ಅದು ಅಪ್ಪಣೆ. ಮನೆಯಲ್ಲಿ ನೀವು "ನಾನು ಅಳೆದೆ" ಎನ್ನುತ್ತೀರಿ. ವರದಿಗೆ ಬೇಕಾದದ್ದು ನಮ್ಮ ಪತ್ರಿಕೆಗಳು ದಿನವೂ ಬರೆಯುವ "ಅಳೆಯಲಾಯಿತು". ಆಗಿಹೋದ ಕೆಲಸ, ಮಾಡಿದವರ ಹೆಸರಿಲ್ಲ. ಇಂಗ್ಲಿಷಿನಲ್ಲೂ ಕೇಳುವುದು ಇದನ್ನೇ. ಪ್ರತಿ ವಾಕ್ಯವನ್ನು ಮೊದಲು ರಫ್ ಪುಸ್ತಕದಲ್ಲಿ "-ಲಾಯಿತು" ಎಂದು ಮುಗಿಸಿ ನೋಡಿ, ಆಮೇಲೆ ಇಂಗ್ಲಿಷಿಗೆ ತನ್ನಿ. ಕೈಪಿಡಿಯ ಸಾಲುಗಳನ್ನು ನಕಲು ಮಾಡಬೇಡಿ. ನೀವು ನಿಜವಾಗಿ ಏನು ಮಾಡಿದಿರೋ ಅದನ್ನೇ ಬರೆಯಿರಿ.

ಉಳಿದ ಉದ್ದಗಳ ಅಳತೆ ಇಲ್ಲದಿದ್ದರೆ ಪ್ರಯೋಗಾಲಯದ ಸಹಾಯಕರನ್ನು ಕೇಳಿ ಒಂದು ತಾಸು ಲೋಲಕ ಪಡೆಯಿರಿ, ಜೊತೆಗೆ ಕೋನಮಾಪಕವನ್ನೂ ಒಯ್ಯಿರಿ. ರೇಖೆ ಎಲ್ಲಿ ಕಡಿಯಿತೆಂದು ಇಲ್ಲಿಯೇ ಬರೆದು ತಿಳಿಸಿ, ನೋಡಲು ಕಾಯುತ್ತಿರುತ್ತೇನೆ.