ಕಸಿ ಕಿಡ್ನಿ: ಕ್ರಿಯಾಟಿನಿನ್ 1.2ರಿಂದ 1.5ಕ್ಕೆ ಏರಿದರೆ

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಆರು ವರ್ಷದ ಹಿಂದೆ ಅಮ್ಮನ ಕಿಡ್ನಿ ಕಸಿ ಮಾಡಿಸಿದ್ದೇವೆ. ಯಾವಾಗಲೂ 1.2 ಇರುತ್ತಿದ್ದ ಕ್ರಿಯಾಟಿನಿನ್ ಈ ಸಲ 1.5 ಬಂದಿದೆ. ಊಟ, ಮೂತ್ರ, ಕೆಲಸ ಎಲ್ಲ ಸರಿಯಾಗಿದೆ. ಡಾಕ್ಟರು ಬಯಾಪ್ಸಿ ಬೇಕಾಗಬಹುದು ಎನ್ನುತ್ತಾರೆ. ಇಷ್ಟಕ್ಕೇ ಬೇಕೆ? ಈ ಕಿಡ್ನಿ ಎಷ್ಟು ವರ್ಷ ಬಾಳುತ್ತದೆ? ಮಾತ್ರೆ ಕಡಿಮೆ ಮಾಡಬಹುದೆ?

ಉತ್ತರ: ಕ್ರಿಯಾಟಿನಿನ್ ಎಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಕಲ್ಮಶ. ಏರಿದ್ದು 0.3 ಅಷ್ಟೇ ಅಲ್ಲವೆ ಎಂದು ಬಿಡಬೇಡಿ. ನಿಮ್ಮ ತಮ್ಮನ ಮಟ್ಟಿಗೆ ಅದು ಕಾಲು ಭಾಗದ ಏರಿಕೆ. ಅವನಿಗೆ ಏನೂ ಅನ್ನಿಸದಿರುವುದು ಸಮಾಧಾನದ ಸಂಗತಿಯೂ ಅಲ್ಲ. ಕಸಿ ಮಾಡುವಾಗ ಕಿಡ್ನಿಯ ನರಗಳು ಕತ್ತರಿಸಿ ಹೋಗಿರುತ್ತವೆ, ಒಳಗೆ ತಿರಸ್ಕಾರ (ದೇಹವು ಕಸಿ ಕಿಡ್ನಿಯನ್ನು ಪರಕೀಯವೆಂದು ಎದುರಿಸುವುದು) ಶುರುವಾದರೂ ಎಷ್ಟೋ ಸಲ ನೋವೇ ಇರುವುದಿಲ್ಲ.

ಚೆನ್ನಾಗಿ ನೀರು ಕುಡಿದು, ಕೆಲವೇ ದಿನಗಳಲ್ಲಿ ಅದೇ ಲ್ಯಾಬಿನಲ್ಲಿ ಮತ್ತೆ ರಕ್ತ ಕೊಡಲಿ. ಜೊತೆಗೆ ಮೂತ್ರದ ಪ್ರೋಟೀನ್, ಮೂತ್ರದ ಕಲ್ಚರ್, ಕಿಡ್ನಿಯ ರಕ್ತಸಂಚಾರ ನೋಡುವ ಡಾಪ್ಲರ್ ಸ್ಕ್ಯಾನ್, ಕಸಿ ಕಿಡ್ನಿಗೆ ಹಾನಿ ಮಾಡಬಲ್ಲ ಬಿಕೆ ವೈರಸ್‌ನ ಪರೀಕ್ಷೆ ಮತ್ತು ತಿರಸ್ಕಾರ ತಡೆಯುವ ಮಾತ್ರೆಯಾದ ಟ್ಯಾಕ್ರೊಲಿಮಸ್ ರಕ್ತದಲ್ಲಿ ಎಷ್ಟಿದೆ ಎಂಬ ಮಟ್ಟ.

ಈ ಕೊನೆಯದರಲ್ಲೇ ಹೆಚ್ಚು ತಪ್ಪಾಗುವುದು. ರಾತ್ರಿಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ, ಬೆಳಗಿನ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಬೇಕು. ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ. ನುಂಗಿ ಹೋದರೆ ಮಟ್ಟ ಸುಳ್ಳೇ ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ಡೋಸ್ ಇಳಿಸಿದರೆ ತಿರಸ್ಕಾರಕ್ಕೆ ದಾರಿಯಾಗುತ್ತದೆ. ಮೊದಲ ವರ್ಷ ಕಳೆದವರಲ್ಲಿ ಸಾಮಾನ್ಯವಾಗಿ 5ರಿಂದ 8ರ ಒಳಗೆ ಇಡುತ್ತಾರೆ. ಹೆಚ್ಚಾದರೆ ಈ ಔಷಧಿಯೇ ಕಿಡ್ನಿಯನ್ನು ಸುಡುತ್ತದೆ, ಕಡಿಮೆಯಾದರೆ ದೇಹ ಆ ಕಿಡ್ನಿಯ ವಿರುದ್ಧ ಪ್ರತಿಕಾಯ ಕಟ್ಟುತ್ತದೆ. ಭೇದಿಯಾದಾಗ ಮಟ್ಟ ಏರುತ್ತದೆ. ಫ್ಲುಕೊನಜೋಲ್, ಕ್ಲಾರಿಥ್ರೊಮೈಸಿನ್ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ತೀರಾ ಇಳಿಸುತ್ತದೆ. ಮಾತ್ರೆಯ ಕಂಪನಿ ಬದಲಾದರೂ ವಾರದೊಳಗೆ ಮಟ್ಟ ನೋಡಿಸಿ. ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಾಗಿದ್ದರೂ ಅವನಿಗೆ ಬೇಡ, ಅದೂ ಮಟ್ಟ ಏರಿಸುತ್ತದೆ.

ಕಾರಣ ಇವುಗಳಲ್ಲಿ ಸಿಗದಿದ್ದರೆ ಬಯಾಪ್ಸಿಗೆ ಹಿಂಜರಿಯಬೇಡಿ. ತಿರಸ್ಕಾರಕ್ಕೆ ಔಷಧಿಯ ಬಲ ಹೆಚ್ಚಿಸಬೇಕು, ಬಿಕೆ ವೈರಸ್‌ಗೆ ಇಳಿಸಬೇಕು. ಊಹೆಯ ಮೇಲೆ ಚಿಕಿತ್ಸೆ ಮಾಡಿದರೆ ಉಲ್ಟಾ ಹೊಡೆಯಬಹುದು. ಕಸಿ ಕಿಡ್ನಿ ಕಿಬ್ಬೊಟ್ಟೆಯಲ್ಲಿ ಚರ್ಮಕ್ಕೆ ಹತ್ತಿರವೇ ಇರುವುದರಿಂದ ಆ ಜಾಗ ಮರಗಟ್ಟಿಸಿ ಸೂಜಿಯಲ್ಲಿ ಚೂರು ತೆಗೆಯುತ್ತಾರೆ. ಆಮೇಲೆ ಕೆಲವು ಗಂಟೆ ಅಲುಗಾಡದೆ ಮಲಗಬೇಕು. ರಕ್ತಸ್ರಾವವೇ ಮುಖ್ಯ ಅಪಾಯ. ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಎಷ್ಟು ವರ್ಷ? ಬದುಕಿರುವ ದಾನಿಯ ಕಿಡ್ನಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತು ವರ್ಷ ದಾಟುತ್ತವೆ, 20 ದಾಟಿದವೂ ಇವೆ. ಮಾತ್ರೆ ಮಾತ್ರ ಸ್ವಂತ ತೀರ್ಮಾನದಿಂದ ಒಂದೂ ಕಡಿಮೆ ಮಾಡಬೇಡಿ. ವರ್ಷಗಟ್ಟಲೆ ಚೆನ್ನಾಗಿದ್ದವರ ಕಿಡ್ನಿ ಕೈಕೊಡುವುದು ಬಹಳ ಸಲ ಇಲ್ಲಿಯೇ. ಕಸಿಯಾದವರನ್ನು ಹೃದ್ರೋಗವೂ ಕಾಡುತ್ತದೆ, ಕಿಡ್ನಿ ಚೆನ್ನಾಗಿರುವಾಗಲೇ. ಬಿಪಿ 130/80ರೊಳಗಿರಲಿ, ಸಕ್ಕರೆ ಆಗಾಗ ನೋಡಿಸಿ. ಮೈಕೈ ನೋವಿಗೆ ಡೈಕ್ಲೊಫೆನಾಕ್ ಬೇಡ, ಪ್ಯಾರಾಸಿಟಮಾಲ್ ಸಾಕು.

ನಿಮ್ಮ ಅಮ್ಮನಿಗೂ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ಪರೀಕ್ಷೆ ಆಗುತ್ತಿದೆಯೆ? ಇಲ್ಲದಿದ್ದರೆ ತಮ್ಮನ ಜೊತೆಗೇ ಕರೆದುಕೊಂಡು ಹೋಗಿ.