ಕಾರು ಗುದ್ದಿ ಕಾಲು ಮುರಿದಿದೆ, 60 ಸಾವಿರಕ್ಕೆ ರಾಜಿ ಆಗಬಹುದಾ?

ಆಗಬೇಡಿ. ಈಗಂತೂ ಬೇಡವೇ ಬೇಡ.

ನೀವು ಬರೆದಿರುವುದು ಇಷ್ಟು. ನಿಮಗೆ 34 ವರ್ಷ, ಟೈಲ್ಸ್ ಹಾಕುವ ಕೆಲಸ. ಹಿರಿಯೂರು ಹತ್ತಿರ ಹೈವೇಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಕಾರು ಗುದ್ದಿತು. ಮಂಡಿಯ ಕೆಳಗೆ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಹನ್ನೆರಡು ದಿನ ಆಯ್ತು, ಎಫ್‌ಐಆರ್ ಆಗಿಲ್ಲ. ಕಾರಿನವರು 60 ಸಾವಿರ ಕೊಡ್ತೀವಿ, ಕೇಸ್ ಬೇಡ ಅಂತಿದ್ದಾರೆ. ನಿಮ್ಮ ಡಿಎಲ್ ಅವಧಿ ಮುಗಿದಿತ್ತು, ಅದಕ್ಕೇ ಭಯ. ಮನೆ ಹಾವೇರಿಯಲ್ಲಿ.

ನಾನು ವಕೀಲ ಅಲ್ಲ, ದಾವಣಗೆರೆಯಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತ. ಎಂವಿಸಿ ಫೈಲುಗಳು, ಅಂದರೆ ವಾಹನ ಅಪಘಾತದ ಪರಿಹಾರದ ಕೇಸುಗಳು, ನನ್ನ ದಿನನಿತ್ಯದ ಕೆಲಸ. ಅದರಲ್ಲಿ ಕಂಡಿದ್ದನ್ನು ಹೇಳ್ತೀನಿ.

ಮೊದಲು ಆ 60 ಸಾವಿರದ ಮಾತು. ನಿಮ್ಮ ಕಾಲಿಗೆ ಎಷ್ಟು ನಷ್ಟ ಆಗಿದೆ ಅಂತ ಇವತ್ತು ನಿಮ್ಮ ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ. ಮೂಳೆ ಕೂಡಬೇಕು. ಕೂಡಿದ ಮೇಲೆ ಮಂಡಿ ಎಷ್ಟು ಮಡಚುತ್ತದೆ, ಕಾಲು ಸ್ವಲ್ಪ ಗಿಡ್ಡ ಆಗಿದೆಯಾ, ರಾಡ್ ತೆಗೆಸಲು ಇನ್ನೊಂದು ಆಪರೇಷನ್ ಬೇಕಾ, ಇದೆಲ್ಲ ತಿಂಗಳುಗಳು ಕಳೆದ ಮೇಲೆ ತಿಳಿಯುವ ವಿಷಯ. ನಿಮ್ಮದು ಇಡೀ ದಿನ ಕುಕ್ಕರುಗಾಲಲ್ಲಿ ಕೂತು ಮಾಡುವ ಕೆಲಸ. ಮಂಡಿ ಪೂರ್ತಿ ಮಡಚದಿದ್ದರೆ ಅದು ಸಣ್ಣ ನಷ್ಟ ಅಲ್ಲ. ಎಷ್ಟು ಹೋಗಿದೆ ಅಂತ ಗೊತ್ತಾಗುವ ಮೊದಲೇ ಬೆಲೆ ಕಟ್ಟಿ ಸಹಿ ಹಾಕಿಸಿಕೊಳ್ಳುವುದು ಅವರಿಗೆ ಮಾತ್ರ ಅನುಕೂಲ.

ಇನ್ನೊಂದು ಲೆಕ್ಕ ನೋಡಿ. ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಪ್ರಕಾರ, ತಪ್ಪು ಯಾರದು ಅಂತ ಸಾಬೀತು ಮಾಡದೆಯೇ ಗಂಭೀರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ಪರಿಹಾರ ಇದೆ. ಮೂಳೆ ಮುರಿತ ಕಾನೂನಿನಲ್ಲಿ ಗಂಭೀರ ಗಾಯವೇ. ಇಷ್ಟಾದರೂ ಕಾನೂನೇ ಇಟ್ಟಿರುವಾಗ 60 ಸಾವಿರಕ್ಕೆ ಯಾಕೆ ಒಪ್ಪಬೇಕು? ಆದರೆ ಆ 2.5 ಲಕ್ಷವನ್ನೂ ಅವಸರದಲ್ಲಿ ಒಪ್ಪಿಕೊಳ್ಳಬೇಡಿ. ಅದನ್ನು ತೆಗೆದುಕೊಂಡರೆ 166ನೇ ಕಲಂನಲ್ಲಿ ನಿಜವಾದ ನಷ್ಟ ಕೇಳುವ ದಾರಿ ಮುಚ್ಚುತ್ತದೆ. ಹಿಂದಿನಿಂದ ಗುದ್ದಿದ್ದಾರೆ ಅಂದರೆ ತಪ್ಪು ಸಾಬೀತು ಮಾಡುವುದು ನಿಮಗೆ ಅಷ್ಟು ಕಷ್ಟ ಆಗಲಿಕ್ಕಿಲ್ಲ.

ಕಾರಿನವರಿಗೂ ಒಂದು ಮಾತು ಸಮಾಧಾನವಾಗಿ ಹೇಳಿ. ಕಾರಿಗೆ ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದು, ಓಡಿಸಿದವರಿಗೆ ಸರಿಯಾದ ಲೈಸೆನ್ಸ್ ಇದ್ದರೆ ಹಣ ಕೊಡುವುದು ಕಂಪನಿ, ಅವರ ಜೇಬಿನಿಂದ ಹೋಗುವುದಿಲ್ಲ. ಪೊಲೀಸರು ಹಾಕುವ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 281 ಮತ್ತು 125(ಬಿ) ಎರಡೂ ಜಾಮೀನು ಸಿಗುವ ಕಲಂಗಳು. ಎಷ್ಟೋ ಜನ ಕೆಟ್ಟವರಾಗಿ ರಾಜಿಗೆ ಬರುವುದಿಲ್ಲ, ಜೈಲಿನ ಹೆದರಿಕೆಗೆ ಬರುತ್ತಾರೆ. ಇದನ್ನು ತಿಳಿಸಿ ಹೇಳಿದರೆ ಅವರೇ ಪಾಲಿಸಿ ಕಾಪಿ ಕೊಟ್ಟಿದ್ದನ್ನು ನೋಡಿದ್ದೇನೆ.

ಈಗ ನಿಜವಾಗಿ ಅವಸರ ಇರುವ ಕೆಲಸ ದೂರು ಕೊಡುವುದು. ಅಪಘಾತ ಆದ ಜಾಗದ ಠಾಣೆಗೆ ನಿಮ್ಮ ಪರವಾಗಿ ಮನೆಯವರು ಹೋದರೂ ಸಾಕು. ಕಾರಿನ ನಂಬರ್, ಜಾಗ, ಹೊತ್ತು, ಯಾವ ಕಡೆಯಿಂದ ಹೇಗೆ ಗುದ್ದಿತು, ಎಲ್ಲ ಬರೆಯಿರಿ. ತಡ ಯಾಕಾಯಿತು ಅನ್ನುವುದನ್ನೂ ಅದರಲ್ಲೇ ಬರೆಯಿರಿ: ಆಪರೇಷನ್ ಆಗಿತ್ತು, ಆಸ್ಪತ್ರೆಯಲ್ಲಿದ್ದೆ, ಕಾರಿನವರು ರಾಜಿ ಮಾತಾಡುತ್ತಿದ್ದರು. ಇದ್ದದ್ದು ಇದ್ದ ಹಾಗೆ. ಎಫ್‌ಐಆರ್ ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ಕಾರಣ ಹೇಳದ ತಡ ಇನ್ಶೂರೆನ್ಸ್ ವಕೀಲರಿಗೆ ಒಳ್ಳೆಯ ಅಸ್ತ್ರ. ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ಯಾರೂ ಹೇಳುವುದಿಲ್ಲ. ಮೊದಲು ಕರೆದುಕೊಂಡು ಹೋದ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಏನು ಬರೆದಿದ್ದಾರೆ ಅಂತ ನೋಡಿ. ಮೊದಲ ಪುಟದಲ್ಲಿ ‘ಹಿಸ್ಟರಿ’ ಅಂತ ಒಂದು ಸಾಲು ಇರುತ್ತದೆ. ಅಲ್ಲಿ ‘ಆರ್‌ಟಿಎ (ರಸ್ತೆ ಅಪಘಾತ), ಬೈಕಿಗೆ ಕಾರು ಡಿಕ್ಕಿ’ ಅಂತ ಇದ್ದರೆ ನೀವು ಬಚಾವ್. ‘ಸೆಲ್ಫ್ ಫಾಲ್’, ಅಂದರೆ ತಾನೇ ಬಿದ್ದದ್ದು ಅಂತ ಇದ್ದರೆ ಕಷ್ಟ. ನಮ್ಮ ಆಫೀಸಿಗೆ ತರಕಾರಿ ಗಾಡಿಯ ಯಜಮಾನರೊಬ್ಬರ ಕೇಸು ಬಂದಿತ್ತು. ರಾತ್ರಿ ಆಸ್ಪತ್ರೆಗೆ ಸೇರಿಸಿದ ಅವರ ಭಾವಮೈದುನ, ಪೊಲೀಸ್ ಗೊಡವೆ ಯಾಕೆ ಅಂತ, ಬೈಕ್ ಸ್ಕಿಡ್ ಆಯ್ತು ಅಂದುಬಿಟ್ಟಿದ್ದರು. ಡ್ಯೂಟಿ ಡಾಕ್ಟರ್ ಹಾಗೇ ಬರೆದುಕೊಂಡರು. ಗುದ್ದಿದ ಕಾರಿನವರೇ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರೂ ಆ ಎರಡು ಪದ ಹಿಡಿದು ಕಂಪನಿ ಕೊನೇ ತನಕ ಜಗ್ಗಾಡಿತು. ಅರ್ಜಿ ವಜಾ ಆಯಿತು. ಈಗ ಹೈಕೋರ್ಟಿನಲ್ಲಿ ಎಂಎಫ್‌ಎ, ಅಂದರೆ ಮೇಲ್ಮನವಿ, ನಡೀತಿದೆ. ನಿಮ್ಮ ಶೀಟಿನಲ್ಲಿ ತಪ್ಪಾಗಿ ಬರೆದಿದ್ದರೆ ತಿದ್ದಿಸಲು ಹೋಗಬೇಡಿ, ಅದು ಇನ್ನೂ ಕೆಡಿಸುತ್ತದೆ. ಆ ಮಾಹಿತಿ ಕೊಟ್ಟವರು ಯಾರು, ಯಾಕೆ ಹಾಗೆ ಹೇಳಿದರು ಅಂತ ಪೊಲೀಸರ ಮುಂದೆ ಹೇಳಿಕೆ ಕೊಡಿಸಿ.

ಎಫ್‌ಐಆರ್ ಆದ ಮೇಲೆ ಸ್ಪಾಟ್ ಮಹಜರು, ಸ್ಕೆಚ್, ಐಎಂವಿ ರಿಪೋರ್ಟ್ (ವಾಹನ ತಪಾಸಣೆಯ ವರದಿ), ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ), ಚಾರ್ಜ್‌ಶೀಟ್ ಒಂದೊಂದಾಗಿ ಬರುತ್ತವೆ. ವಕೀಲರೇ ತರಿಸುತ್ತಾರೆ. ನಿಮ್ಮ ಕೆಲಸ ಬಿಲ್ಲುಗಳನ್ನು ಜೋಪಾನ ಮಾಡುವುದು. ಮೆಡಿಕಲ್ ಶಾಪಿನ ಸಣ್ಣ ಚೀಟಿಯೂ ಬೇಕು, ಅದಕ್ಕೆ ಹೊಂದುವ ಡಾಕ್ಟರ ಚೀಟಿಯೂ ಬೇಕು. ಶಾಪಿನ ಬಿಲ್ಲಿನ ಅಕ್ಷರ ಕೆಲವು ತಿಂಗಳಲ್ಲೇ ಅಳಿಸಿಹೋಗುತ್ತದೆ, ಈಗಲೇ ಜೆರಾಕ್ಸ್ ಮಾಡಿಸಿ. ಎಕ್ಸ್‌ರೇ ಫಿಲ್ಮ್ ಮಡಚಬೇಡಿ.

ಇನ್ನು ಹಣ ಹೇಗೆ ಲೆಕ್ಕ ಹಾಕುತ್ತಾರೆ ಅಂತ ಕೇಳಿದ್ದೀರಿ. ಆಸ್ಪತ್ರೆ ಖರ್ಚು, ನೋವಿಗೆ, ಮಲಗಿದ್ದ ತಿಂಗಳುಗಳ ಸಂಬಳಕ್ಕೆ, ಓಡಾಟ ಮತ್ತು ಊಟೋಪಚಾರಕ್ಕೆ, ಮುಂದಿನ ಆಪರೇಷನ್ನಿಗೆ ಬೇರೆ ಬೇರೆಯಾಗಿ ಕೊಡುತ್ತಾರೆ. ಆದರೆ ನಿಮ್ಮಂಥವರ ಕೇಸಿನಲ್ಲಿ ದೊಡ್ಡ ಮೊತ್ತ ಬರುವುದು ದುಡಿಯುವ ಶಕ್ತಿ ಕುಂದಿದ್ದಕ್ಕೆ. ವಯಸ್ಸಿಗೆ ತಕ್ಕ ಗುಣಕ 2009ರ ಸರಳಾ ವರ್ಮಾ ತೀರ್ಪಿನಲ್ಲಿದೆ, 31ರಿಂದ 35ಕ್ಕೆ 16. ತಿಂಗಳಿಗೆ 15,000 ಆದಾಯ ಅಂತ ಕೋರ್ಟ್ ಒಪ್ಪಿತು ಅನ್ನಿ. ವರ್ಷಕ್ಕೆ 1,80,000, ಅದರ 16 ಪಟ್ಟು 28,80,000. ಶಕ್ತಿ ಶೇ 10 ಕುಂದಿದೆ ಅಂದರೆ 2,88,000. ಶೇ 20 ಅಂದರೆ 5,76,000. ಪೂರ್ತಿ ವ್ಯತ್ಯಾಸ ಆ ಒಂದು ಶೇಕಡಾವಾರಿನಲ್ಲಿದೆ ಅಲ್ವಾ?

ಆ ಶೇಕಡಾವಾರು ಡಾಕ್ಟರ ಸರ್ಟಿಫಿಕೇಟಿನಲ್ಲಿ ಇದ್ದಷ್ಟೇ ಆಗಬೇಕಿಲ್ಲ. 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡವನು ಡ್ರೈವರೋ ಬಡಗಿಯೋ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಅದೇ ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಉಳಿಯಬಹುದು. ಅಂಗ ಒಂದೇ, ನಷ್ಟ ಬೇರೆ. ಹಾಗಾಗಿ ನೀವು ಟೈಲ್ಸ್ ಕೆಲಸದವರು ಅನ್ನುವುದಕ್ಕೆ ಸಾಕ್ಷಿ ಬೇಕೇ ಬೇಕು. ಕಾರ್ಮಿಕ ಕಾರ್ಡ್ ಇದ್ದರೆ ಕೊಡಿ. ಮೇಸ್ತ್ರಿ ಫೋನ್‌ಪೇಯಲ್ಲಿ ಹಾಕಿದ ಕೂಲಿ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇರುತ್ತದೆ, ತೆಗೆಸಿ. ಮೇಸ್ತ್ರಿಯೇ ಬಂದು ಸಾಕ್ಷಿ ಹೇಳಿದರೆ ಇನ್ನೂ ಒಳ್ಳೆಯದು. ಏನೂ ಇಲ್ಲದಿದ್ದರೆ ಕೋರ್ಟ್ ಅಂದಾಜಿನ ಆದಾಯ ಹಿಡಿಯುತ್ತದೆ, ಅದು ನಿಮ್ಮ ನಿಜವಾದ ಕೂಲಿಗಿಂತ ಕಡಿಮೆ ಇರುವುದೇ ಜಾಸ್ತಿ. ಮತ್ತೆ ಅಂಗವೈಕಲ್ಯದ ಬಗ್ಗೆ ಸಾಕ್ಷಿ ಹೇಳಲು ಆಪರೇಷನ್ ಮಾಡಿದ ಡಾಕ್ಟರನ್ನೇ ಕರೆಸಿ. ಚಿಕಿತ್ಸೆಯನ್ನೇ ಕೊಡದೆ ಸುಮ್ನೆ ಸರ್ಟಿಫಿಕೇಟ್ ಬರೆದುಕೊಡುವವರನ್ನು ಕೋರ್ಟುಗಳು ಸುಲಭಕ್ಕೆ ನಂಬುವುದಿಲ್ಲ.

ಡಿಎಲ್ ಭಯ ಬಿಡಿ. ಗಾಯಗೊಂಡವರ ಹತ್ತಿರ ಲೈಸೆನ್ಸ್ ಇರಲಿಲ್ಲ ಅಂದ ಮಾತ್ರಕ್ಕೆ ಅಪಘಾತದಲ್ಲಿ ಅವರದೂ ತಪ್ಪಿದೆ ಅಂತ ಆಗುವುದಿಲ್ಲ, ಇದನ್ನು 2008ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಪೊಲೀಸರು ಅದಕ್ಕೆ ದಂಡ ಹಾಕಬಹುದು, ಕಟ್ಟಿ.

ಅರ್ಜಿಯನ್ನು ಹಿರಿಯೂರಿನಲ್ಲೇ ಹಾಕಬೇಕಿಲ್ಲ. ನೀವು ವಾಸ ಇರುವ ಹಾವೇರಿಯಲ್ಲೇ ಹಾಕಬಹುದು. ಆದರೆ ಆರು ತಿಂಗಳ ಒಳಗೆ ಹಾಕಿ. 2019ರ ತಿದ್ದುಪಡಿಯಲ್ಲಿ ಬಂದ ಈ ಗಡುವು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದನ್ನು ಪ್ರಶ್ನಿಸಿದವರು ಸುಪ್ರೀಂ ಕೋರ್ಟ್ ತನಕ ಹೋಗಿದ್ದಾರೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ.

ವಕೀಲರ ವಿಷಯ. ಆಸ್ಪತ್ರೆ ವಾರ್ಡಿಗೇ ಬಂದು ‘ನಾವೇ ಎಲ್ಲ ನೋಡ್ಕೋತೀವಿ’ ಅನ್ನುವವರಿಗೆ ಫೈಲ್ ಕೊಡಬೇಡಿ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಅಂತ ಫೀಸ್ ಮಾತಾಡುವುದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಇದೇ ಕ್ಷೇತ್ರದಲ್ಲಿ ಇದ್ದುಕೊಂಡು ಹೇಳ್ತಿದ್ದೀನಿ, ಕಾಲು ಕಳೆದುಕೊಂಡವರ ಹಣದಲ್ಲಿ ಪಾಲು ಕೇಳುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ.

ರಾಜಿ ಅಂದರೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮೂಳೆ ಕೂಡಿ, ಡಾಕ್ಟರ ಅಳತೆ ಕೈಗೆ ಬಂದ ಮೇಲೆ ಲೋಕ ಅದಾಲತ್‌ನಲ್ಲಿ ಕಂಪನಿ ಜೊತೆ ಕೂತು ಮಾತಾಡಬಹುದು. ಅಲ್ಲಿ ಒಪ್ಪಿದರೆ ಮೇಲ್ಮನವಿ ಇಲ್ಲ, ಹಾಗಾಗಿ ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡೇ ಹೋಗಿ. ತೀರ್ಪು ತನಕ ಹೋದರೆ ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಸೇರುತ್ತದೆ, ನಮ್ಮ ಕಡೆ ಹೆಚ್ಚಾಗಿ ಶೇ 6. ಹಣ ಬಂದಾಗ ಒಂದು ಭಾಗವನ್ನು ಕೋರ್ಟ್ ನಿಮ್ಮ ಹೆಸರಿನಲ್ಲಿ ಎಫ್‌ಡಿ ಇಡಿಸಬಹುದು. ರಾಡ್ ತೆಗೆಸಲು ಅಥವಾ ಮಕ್ಕಳ ಫೀಸಿಗೆ ಬೇಕಾದರೆ, ಕಾರಣ ಬರೆದು ಬಿಡುಗಡೆಗೆ ಅರ್ಜಿ ಕೊಡಬಹುದು.